ಒಂದು ಕಾನಾ ಕಡಿಮೆ

ಗೇಟಿಗೆ ಅಂಟಿಸಿದ ನೋಟೀಸು
ನಮ್ಮಲ್ಲಿ ಅಚ್ಚಾದದ್ದಲ್ಲ.
ಎದುರಿನ ಝೆರಾಕ್ಸ್ ಅಂಗಡಿಯ ತೆಳು ಹಾಳೆ,
ಮಜಗಾಂವಿನ ಉಪ್ಪುಗಾಳಿಗೆ ಆಗಲೇ ಮೂಲೆ ಸುರುಳಿ.
ತೊಂಬತ್ತಾರು ವರ್ಷದ ನವಲ್ ಪ್ರಿಂಟಿಂಗ್ ವರ್ಕ್ಸ್
ಮೂರು ಸಾಲಿನಲ್ಲಿ ಮುಗಿದು
ಕೆಳಗೆ ಇನ್ನೂರ ಹನ್ನೊಂದು ಹೆಸರು.
ನೂರ ಎಪ್ಪತ್ತಾರನೆಯದು ನಾನು:
ಕಾಂಚನ್ ಹೋಗಿ ಕಂಚನ್.

'ಒಂದು ಕಾನಾ ಕಡಿಮೆ, ವಾರಿಜಾಬಾಯಿ'
ಎಂದರು ಸಬ್ನೀಸ್, ಜೇಬಿನ ಕೆಂಪು ಪೆನ್ನಿಗೆ ಕೈಹಾಕಿ.
ಅಕ್ಷರದ ಪಕ್ಕ ನೆಟ್ಟಗೆ ನಿಲ್ಲುವ ಗೆರೆಗೆ
ಮರಾಠಿಯಲ್ಲಿ ಹಾಗನ್ನುತ್ತಾರೆ.
ನಮ್ಮೂರ ಶಾಲೆಯಲ್ಲಿ ಅದು ದೀರ್ಘ.
ಅಂಚಿನಲ್ಲಿ ಗುರುತು ಹಾಕಲು ನೋಡಿದರು.
ನಿಂತ ಹಾಳೆಯ ಮೇಲೆ ರೀಫಿಲ್ಲು ಇಳಿಯಲಿಲ್ಲ.

ಬೈಂಡಿಂಗಿನ ಸುಮತಿ ಘಾಗ್ ಕತ್ತು ಚಾಚಿ ಕೇಳಿದಳು:
'ನನ್ನದೂ ನೋಡಿ, ಎಲ್ಲಿ ತಪ್ಪಿದೆ?'
ಸಾವಿರ ಫಾರ್ಮಿಗೆ ಇಷ್ಟು ಎಂದು ಮಡಿಸಿದವರ ಹೆಸರು
ಪಟ್ಟಿಯಲ್ಲೇ ಇಲ್ಲ.
ತಿದ್ದುವುದಕ್ಕೆ ತಪ್ಪಾದರೂ ಇರಬೇಕಲ್ಲ.

*

ಇಪ್ಪತ್ತೊಂಬತ್ತು ವರ್ಷ
ನಾನು ಓದಿದೆ, ಅವರು ತಿದ್ದಿದರು.
ಕಾಪಿ ಹೋಲ್ಡರ್ ಅಂದರೆ ಅಷ್ಟೇ ಕೆಲಸ,
ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು,
ಅರ್ಥದ ಗೊಡವೆಗೆ ಹೋಗದೆ.
ಹಡಗು ಕಂಪನಿಯ ಸರಕುಪಟ್ಟಿ ಅಲ್ಪವಿರಾಮ
ಜನನ ಮರಣದ ಫಾರಂ ಅಲ್ಪವಿರಾಮ
ಬ್ಯಾಂಕಿನ ಪಾಸ್‌ಬುಕ್ಕು ಪೂರ್ಣವಿರಾಮ.
ಭಜನಾ ಮಂಡಳಿಯ ಕನ್ನಡ ವರದಿ ಬಂದರೆ ಮಾತ್ರ
ಓದುವವಳೂ ತಿದ್ದುವವಳೂ ನಾನೇ,
ಆ ತಿಂಗಳ ಕವರಿನಲ್ಲಿ ಹದಿನೈದು ರೂಪಾಯಿ ಜಾಸ್ತಿ.

ಚಾಳಿಗೆ ಮರಳಿದರೂ ನಾಲಗೆ ಕೆಲಸ ಬಿಡುತ್ತಿರಲಿಲ್ಲ.
ಪಕ್ಕದ ಖೋಲಿಯ ಬೂಬಕ್ಕನಿಗೆ
ಮಲ್ಪೆಯಿಂದ ಬಂದ ತಂತಿ ಓದಿ ಹೇಳಿದ್ದೆ:
ತಮ್ಮ ತೀರಿಕೊಂಡ ಪೂರ್ಣವಿರಾಮ
ಬೇಗ ಬಾ ಪೂರ್ಣವಿರಾಮ.
ಅವಳು ಅತ್ತದ್ದು ಎಷ್ಟೋ ಹೊತ್ತಿನ ಮೇಲೆ.

ಕೆಳಗೆ ಚೌಗುಲೆಯ ನಾಲ್ಕು ಬಣ್ಣದ ಯಂತ್ರ ಓಡಿದರೆ
ಮೇಲೆ ನಮ್ಮ ಮೇಜಿನ ಚಹಾದಲ್ಲಿ ಬಳೆಬಳೆ ಅಲೆ.
ಕೊನೆಯ ಶುಕ್ರವಾರ
ಲೋಟದೊಳಗೆ ಕೆನೆ ಕಟ್ಟಿತು.
ಇಬ್ಬರೂ ಅದನ್ನೇ ನೋಡುತ್ತ ಕೂತೆವು.

*

ಬಾಂದ್ರಾದ ಪಿ.ಎಫ್. ಕಚೇರಿ, ಹದಿನಾಲ್ಕನೆಯ ಕಿಟಕಿ.
ಆಧಾರ್‌ನಲ್ಲಿ ಕಾಂಚನ್, ಕಂಪನಿ ಪುಸ್ತಕದಲ್ಲಿ ಕಂಚನ್.
'ಇಬ್ಬರೂ ಒಬ್ಬರೇ ಎಂದು ಕಂಪನಿ ಬರೆದುಕೊಡಲಿ,
ಲೆಟರ್‌ಹೆಡ್ಡಿನ ಮೇಲೆ.'
ಎಲ್ಲಿದೆ ಕಂಪನಿ?
ಗೇಟಿನಲ್ಲಿ ಏಜೆನ್ಸಿಯ ಹೊಸ ಹುಡುಗ, ನನ್ನ ಮುಖ ಅರಿಯದವನು;
ಯಂತ್ರಗಳು ಕಿಲೋ ಲೆಕ್ಕದಲ್ಲಿ ಕುರ್ಲಾಕ್ಕೆ.
ಊರಿನ ಅರ್ಧ ಕಂಪನಿಗಳಿಗೆ ಲೆಟರ್‌ಹೆಡ್ ಅಚ್ಚು ಹಾಕಿಕೊಟ್ಟವರು
ನಮ್ಮದೊಂದು ಹಾಳೆ ಉಳಿಸಲಿಲ್ಲ.

ಉಳಿದಿತ್ತು.
ಅಡುಗೆಕಟ್ಟೆಯ ಮೇಲಿನ ಹಲಗೆಯಲ್ಲಿ
ಡಬ್ಬಿಗಳಡಿ ಹಾಸಿದ ರದ್ದಿ,
ಎಂದೋ ಕೇಳಿ ತಂದದ್ದು.
ಅರಿಶಿನದ ಡಬ್ಬಿಯ ದುಂಡು ಕಲೆ ಬಿಟ್ಟರೆ ಸ್ವಚ್ಛ.

ಹಳೆಯ ಮ್ಯಾನೇಜರು ದಾದರಿನ ಮನೆಯಲ್ಲಿ
ಹಿಂದಿನ ತಾರೀಖು ಹಾಕಿ ಸಹಿ ಮಾಡಿದರು.
ಸ್ಟೇಷನ್ನಿನ ಬೆಂಚಿನ ಮೇಲೆ ಕೂತು
ಸಬ್ನೀಸ್ ಹಾಳೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು
(ಪೊರೆ ಬಂದಿದೆ, ಆಪರೇಷನ್ನಿಗೆ ಅದೇ ಹಣ ಬರಬೇಕು)
'ಫೋನ್ ನಂಬರಿನ ಕೊನೆಯ ಅಂಕಿ ತಪ್ಪು.
ನಾವೇ ತಡೆದ ಹಾಳೆ ಇದು' ಎಂದರು.
ಕೆಂಪು ಪೆನ್ನು ಹೊರಬಂತು.
ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು
ಮತ್ತೆ ಜೇಬಿಗೆ ಸಿಕ್ಕಿಸಿದರು.
'ಇರಲಿ ಬಿಡಿ,
ಅಲ್ಲಿ ಈಗ ಎತ್ತುವವರು ಯಾರೂ ಇಲ್ಲ.
ಓದಿ.'

ಓದಿದೆ, ಫಾಸ್ಟ್ ಲೋಕಲ್ಲಿನ ಸದ್ದಿಗಿಂತ ಗಟ್ಟಿಯಾಗಿ:
ಕಾಂಚನ್, ದೀರ್ಘ ಇದೆ,
ಕಂಚನ್, ಇಲ್ಲ,
ಇಬ್ಬರೂ ಒಬ್ಬಳೇ
ಅಲ್ಪವಿರಾಮ